ಬಾಲ್ ಮೊದಲು ತಾಗಿತ್ತು ಸಾರ್!

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮೂರೂ ಕ್ರಿಕೆಟ್ಟಿನ ಸೀಮೆ. ಫುಟ್‌ಬಾಲ್ ಬೆಳೆದದ್ದು ಕಬ್ಬನ್ ಪಾರ್ಕಿನಿಂದಾಚೆ, ದಂಡಿನ ಕಡೆ: ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಅನ್ನುವುದು ನಮ್ಮ ಕಡೆಯ ಕಟ್ಟೆ ಹರಟೆಯಲ್ಲಿ ಬಂದದ್ದು ಕಡಿಮೆ. 1949ರಲ್ಲಿ ಸಿಟಿಯೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆದವು. ಆಟದ ಗಡಿ ಮಾತ್ರ ಅಷ್ಟು ಬೇಗ ಅಳಿಯಲಿಲ್ಲ.

ಈಗ ಅಳಿಯುತ್ತಿದೆ. ಗಾಂಧಿಬಜಾರಿನ ಸುತ್ತಲಿನ ಮಕ್ಕಳೂ ಭಾನುವಾರ ಬೆಳಗ್ಗೆ ಮೊಣಕಾಲುದ್ದದ ಸಾಕ್ಸ್ ಏರಿಸಿಕೊಂಡು ಮೈದಾನಕ್ಕೋ ಟರ್ಫ್‌ಗೋ ಹೊರಡುತ್ತಾರೆ. ಜೊತೆಗೆ ಅಪ್ಪ, ಅಮ್ಮ, ಒಮ್ಮೊಮ್ಮೆ ತಾತ. ಮಕ್ಕಳು ಹೊಸ ಆಟ ಕಲಿತಿದ್ದಾರೆ, ಗೆರೆಯ ಪಕ್ಕ ನಿಂತವರ ಕಣ್ಣು ಇನ್ನೂ ಕ್ರಿಕೆಟ್ಟಿನದೇ. ರೆಫ್ರಿಯ ಮೇಲೆ ಎಗರುವ ಮಾತುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಅಲ್ಲಿಂದ, ಅನ್ನುವುದು ನನ್ನ ಅನಿಸಿಕೆ. ಉಳಿದರ್ಧ ಟೀವಿಯಿಂದ ಬಂದದ್ದು.

‘ಮೈಗೆ ತಾಗಿದರೆ ಫೌಲ್’

ಅಲ್ಲ. ಕ್ರಿಕೆಟ್ಟಿನಲ್ಲಿ ಒಬ್ಬ ಆಟಗಾರನ ಮೈ ಇನ್ನೊಬ್ಬನಿಗೆ ತಾಗುವ ಪ್ರಸಂಗವೇ ಅಪರೂಪ, ತಾಗಿದರೆ ಅದೊಂದು ಸುದ್ದಿ. ಫುಟ್‌ಬಾಲ್ ಮೈಗೆ ಮೈ ಒಡ್ಡಿ ಆಡುವ ಆಟ. ಚೆಂಡು ಕಾಲಿಗೆ ಎಟುಕುವಷ್ಟು ಹತ್ತಿರವಿದ್ದಾಗ ಹೆಗಲಿಗೆ ಹೆಗಲು ಕೊಟ್ಟು ಎದುರಾಳಿಯನ್ನು ಸರಿಸುವುದಕ್ಕೆ ನಿಯಮದ ಅಡ್ಡಿಯಿಲ್ಲ. ಕೈಯಿಂದ ನೂಕಬಾರದು, ಮೊಣಕೈ ಎತ್ತಬಾರದು, ಬೆನ್ನ ಮೇಲೆ ಬೀಳಬಾರದು, ಅಷ್ಟೇ.

ಮಕ್ಕಳ ಆಟದಲ್ಲಿ ಇದು ಇನ್ನೂ ಗೋಜಲು. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಒಂದೇ ತರಗತಿಯ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನಿಗೆ ಜೆರ್ಸಿ ಮೊಣಕಾಲಿನವರೆಗೆ ಇಳಿಬಿದ್ದಿರುತ್ತದೆ. ಇಬ್ಬರೂ ನ್ಯಾಯವಾಗಿಯೇ ಹೆಗಲು ಕೊಟ್ಟರೂ ಸಣ್ಣವನು ಎರಡು ಉರುಳು ಉರುಳುತ್ತಾನೆ. ಗೆರೆಯ ಪಕ್ಕದಿಂದ ‘ಅಯ್ಯೋ!’ ಎಂದು ಕೂಗು ಏಳುತ್ತದೆ, ವಿಷಲ್ ಕೇಳಿಸುವುದಿಲ್ಲ. ಬಿದ್ದದ್ದು ಫೌಲಿಗೆ ಸಾಕ್ಷಿಯಲ್ಲ. ಬೀಳದೆ ಓಡಿದವನಿಗೂ ಫೌಲ್ ಆಗಿರಬಹುದು. ಒದೆಯಲು, ಅಡ್ಡಗಾಲು ಹಾಕಲು ಮಾಡಿದ ಪ್ರಯತ್ನವೂ, ಅದು ಗುರಿ ತಪ್ಪಿದರೂ, ನಿಯಮದ ಪ್ರಕಾರ ತಪ್ಪೇ.

‘ಬಾಲ್ ಮೊದಲು ತಾಗಿತ್ತು, ಫೌಲ್ ಹೇಗಾಗುತ್ತೆ?’

ಬೆಂಗಳೂರಿನ ಯಾವ ಮೈದಾನಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಆಟಗಾರರೂ ಹೇಳುತ್ತಾರೆ, ಕೋಚ್‌ಗಳೂ ಹೇಳುತ್ತಾರೆ. ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಪಕ್ಕದ ಗೆರೆಯುದ್ದಕ್ಕೆ ಓಡುತ್ತಿರುವ ಹುಡುಗ ಚೆಂಡನ್ನು ಕಾಲಿನಿಂದ ಒಂದು ಗಜ ಹೆಚ್ಚೇ ಮುಂದೆ ಬಿಟ್ಟಿದ್ದಾನೆ. ಅಡ್ಡದಿಂದ ಬಂದ ಡಿಫೆಂಡರ್ ಮೂರು ಹೆಜ್ಜೆ ದೂರದಿಂದಲೇ ನೆಲಕ್ಕೆ ಜಾರಿದ. ಅವನ ಬೂಟಿನ ತುದಿ ಚೆಂಡನ್ನು ಸವರಿತು, ಚೆಂಡು ಹೊರಗೆ ಹೋಯಿತು. ಜಾರಿದ ವೇಗ ಅಲ್ಲಿಗೆ ನಿಲ್ಲಲಿಲ್ಲ. ಮೊಣಕಾಲು ಮಡಚದೆ ನೆಟ್ಟಗೆ ಚಾಚಿದ ಕಾಲು, ಅಂಗಾಲಿನ ಸ್ಟಡ್‌ಗಳು ಮುಂದೆ ಮಾಡಿದಂತೆಯೇ ಹೋಗಿ ಎದುರಾಳಿಯ ಕಣಕಾಲಿನ ಮೇಲೆ ಕೂತಿತು. ಚೆಂಡು ಮೊದಲು ತಾಗಿದ್ದು ನಿಜ. ಅದು ಕೆಂಪು ಕಾರ್ಡಿನ ಟ್ಯಾಕಲ್ ಅನ್ನುವುದೂ ಅಷ್ಟೇ ನಿಜ.

ರೆಫ್ರಿ ಕೇಳಿಕೊಳ್ಳುವ ಪ್ರಶ್ನೆ ‘ಏನು ಮೊದಲು ತಾಗಿತು’ ಎಂದಲ್ಲ, ‘ಹೇಗೆ ಬಂದ’ ಎಂದು. ಎಷ್ಟು ವೇಗ? ಒಂದು ಕಾಲೋ ಎರಡೂ ಕಾಲೋ? ಎದುರಿನಿಂದಲೋ ಹಿಂದಿನಿಂದಲೋ? ಸ್ಟಡ್ ತೋರಿಸಿದನೇ? ತಾಗಿದ್ದು ಪಾದಕ್ಕೋ ಮುಂಗಾಲಿನ ಎಲುಬಿಗೋ? ಉತ್ತರಗಳನ್ನು ತೂಗಲು ನಿಯಮಪುಸ್ತಕದ ಹನ್ನೆರಡನೆಯ ನಿಯಮ ಮೂರು ಮೆಟ್ಟಿಲು ಕೊಟ್ಟಿದೆ. ಎಚ್ಚರ ತಪ್ಪಿ ಆಡಿದರೆ ಬರೀ ಫ್ರೀ ಕಿಕ್, ಕಾರ್ಡ್ ಇಲ್ಲ. ಎದುರಾಳಿಗೆ ಏನಾದೀತು ಎಂಬ ಪರಿವೆಯಿಲ್ಲದೆ ದುಡುಕಿದರೆ ಹಳದಿ. ಬೇಕಾದದ್ದಕ್ಕಿಂತ ಮಿತಿಮೀರಿದ ಬಲ ಹಾಕಿದರೆ, ಅಥವಾ ಎದುರಾಳಿಯ ಮೈಗೆ ಅಪಾಯ ತಂದರೆ, ಕೆಂಪು. ಮೂರರಲ್ಲಿ ಎಲ್ಲೂ ಚೆಂಡು ತಾಗಿದ ಮಾತಿಲ್ಲ.

ಹಾಗಂತ ಈ ನಂಬಿಕೆಗೆ ಬುಡವೇ ಇಲ್ಲ ಎಂದೇನಲ್ಲ. 1990ರ ದಶಕದ ಕೊನೆಯ ನಿಯಮಪುಸ್ತಕದಲ್ಲಿ, ಚೆಂಡು ಕಸಿಯಲು ಹೋದವನು ಚೆಂಡಿಗಿಂತ ಮೊದಲು ಎದುರಾಳಿಗೆ ತಾಗಿದರೆ ಫೌಲ್ ಎಂಬ ವಾಕ್ಯ ಇತ್ತು. ಆಮೇಲೆ ಅದನ್ನು ತೆಗೆದರು. ಅದು ಇದ್ದಾಗಲೂ, ಚೆಂಡು ಮೊದಲು ತಾಗಿಬಿಟ್ಟರೆ ಆಮೇಲೆ ಏನು ಮಾಡಿದರೂ ನಡೆಯುತ್ತದೆ ಎಂದು ಯಾರೂ ಬರೆದಿರಲಿಲ್ಲ. ಆಗ ಆಡಿದವರು ಈಗ ಕೋಚ್‌ಗಳಾಗಿದ್ದಾರೆ. ವಾಕ್ಯ ಪುಸ್ತಕದಿಂದ ಹೋಯಿತು, ಬಾಯಿಂದ ಹೋಗಲಿಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: ‘ಬೇಕೂಂತ ಮಾಡಿಲ್ಲ ಸಾರ್.’ 1990ರ ದಶಕದ ನಡುಭಾಗದವರೆಗೆ ಫೌಲಿನ ವಿವರಣೆಯಲ್ಲಿ ಉದ್ದೇಶದ ಪ್ರಸ್ತಾಪ ಇತ್ತು. ಈಗ ಒದೆತ, ಅಡ್ಡಗಾಲು, ನೂಕಾಟ ಯಾವುದಕ್ಕೂ ಉದ್ದೇಶವನ್ನು ಸಾಬೀತು ಮಾಡಬೇಕಿಲ್ಲ. ಡಿವಿಜಿ ರಸ್ತೆಯ ಸಂತೆಯಂಥ ಸಂಜೆಯಲ್ಲಿ ಅರವತ್ತರ ವೇಗದಲ್ಲಿ ಸ್ಕೂಟರ್ ಓಡಿಸಿದವನು ‘ಗುದ್ದುವ ಇರಾದೆ ಇರಲಿಲ್ಲ’ ಎಂದರೆ ಸಂಚಾರ ಪೊಲೀಸರು ಬಿಡುತ್ತಾರೆಯೇ? ಓಡಿಸಿದ ರೀತಿಯೇ ತಪ್ಪು.

ಹಾಗಾದರೆ ಜಾರಿ ಮಾಡುವ ಟ್ಯಾಕಲ್ ನಿಷಿದ್ಧವೇ? ಅಲ್ಲ. ಚೆನ್ನಾಗಿ ಮಾಡಿದ ಸ್ಲೈಡಿಂಗ್ ಟ್ಯಾಕಲ್ ಫುಟ್‌ಬಾಲಿನ ಸೊಗಸುಗಳಲ್ಲಿ ಒಂದು. ಬಲೆ ಕಟ್ಟಿದ ಸಣ್ಣ ಟರ್ಫ್‌ಗಳಲ್ಲಿ, ಪುಟ್ಟ ಮಕ್ಕಳ ಕೂಟಗಳಲ್ಲಿ ಅದನ್ನು ನಿಷೇಧಿಸಿದ್ದರೆ ಅದು ಆ ಜಾಗದ ಕಟ್ಟಳೆ, ಆಟದ ನಿಯಮವಲ್ಲ. ಟರ್ಫಿನ ಮಟ್ಟಿಗೆ ಒಳ್ಳೆಯ ಕಟ್ಟಳೆಯೇ. ಬಲೆಯ ಕಂಬ ಗೆರೆಯಿಂದ ಒಂದಡಿ ದೂರದಲ್ಲಿರುವಾಗ ಜಾರುವ ಹುಡುಗ ಎಲ್ಲಿ ಹೋಗಿ ನಿಲ್ಲುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ.

‘ಕೈಗೆ ತಾಗಿದರೆ ಹ್ಯಾಂಡ್’

ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ದೊಡ್ಡ ದೊಡ್ಡ ಲೀಗ್‌ಗಳಲ್ಲೇ ಇದರ ಜಗಳ ಮುಗಿದಿಲ್ಲ. ಬೇಕೆಂದೇ ಕೈ ಒಡ್ಡಿದರೆ ತಪ್ಪು. ಆ ಚಲನೆಗೆ ಬೇಡವಾಗಿದ್ದರೂ ಕೈ ಚಾಚಿ ಮೈಯ ಅಗಲ ಹೆಚ್ಚಿಸಿಕೊಂಡಿದ್ದರೆ ತಪ್ಪು. ಕೈಗೆ ತಾಗಿದ ಚೆಂಡು ನೇರವಾಗಿ ಗೋಲಾದರೆ, ಆಕಸ್ಮಿಕವಾದರೂ, ಆ ಗೋಲು ಇಲ್ಲ. ಉಳಿದಂತೆ ಹತ್ತಿರದಿಂದ ಸಿಡಿದ ಚೆಂಡು ಮೈಗಂಟಿದ ಕೈಗೆ ಬಡಿದರೆ ಆಟ ಮುಂದುವರಿಯುತ್ತದೆ. ಮುಖಕ್ಕೆ ಬಂದ ಚೆಂಡಿಗೆ ಹತ್ತು ವರ್ಷದ ಹುಡುಗಿ ಕೈ ಅಡ್ಡ ಹಿಡಿದರೆ ಏನು ಮಾಡಬೇಕು ಎಂಬಲ್ಲಿ ರೆಫ್ರಿಯ ವಿವೇಕಕ್ಕೇ ಕೆಲಸ.

‘ನಾವು ಕೂಗದಿದ್ದರೆ ರೆಫ್ರಿ ಕೊಡುವುದಿಲ್ಲ’

ಇದು ಅಚ್ಚ ಕ್ರಿಕೆಟ್ಟಿನದು. ಅಲ್ಲಿ ಮನವಿ ಇಲ್ಲದೆ ಅಂಪೈರ್ ಔಟ್ ಕೊಡುವಂತಿಲ್ಲ. ಹಾಗಾಗಿ ‘ಹೌಝಾಟ್’ ಆಟದ ಅಂಗವೇ ಆಗಿದೆ. ನಮ್ಮ ಕಡೆಯ ಗಂಟಲುಗಳು ಅದಕ್ಕೆ ಪಳಗಿವೆ.

ಸೋಜಿಗವೆಂದರೆ ಫುಟ್‌ಬಾಲೂ ಒಂದು ಕಾಲಕ್ಕೆ ಹೀಗೇ ಇತ್ತು. ಆಗ ಒಂದೊಂದು ತಂಡಕ್ಕೆ ಒಬ್ಬೊಬ್ಬ ಅಂಪೈರ್, ಇಬ್ಬರಿಗೂ ಒಮ್ಮತವಾಗದಿದ್ದಾಗ ಮಾತ್ರ ಗೆರೆಯ ಹೊರಗಿದ್ದ ರೆಫ್ರಿಯ ತೀರ್ಪು. ಆಟಗಾರರು ಮನವಿ ಮಾಡಬೇಕಿತ್ತು. 1891ರಲ್ಲಿ ರೆಫ್ರಿ ಮೈದಾನದೊಳಗೆ ಬಂದ, ಅಂಪೈರ್‌ಗಳು ಲೈನ್ಸ್‌ಮನ್‌ಗಳಾದರು. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ. ಆ ದಶಕ ಮುಗಿಯುವುದರೊಳಗೆ ಮನವಿಯ ಅಗತ್ಯವೇ ಹೋಯಿತು. ಈಗ ಹನ್ನೊಂದು ಮಂದಿ ಕೈ ಎತ್ತಿದರೂ ಯಾರೂ ಎತ್ತದಿದ್ದರೂ ರೆಫ್ರಿಯ ಕೆಲಸ ಒಂದೇ. ಎತ್ತಿದ ಕೈ, ಏರಿದ ದನಿ ಜಾಸ್ತಿಯಾದರೆ ಅದು ಪ್ರತಿಭಟನೆ, ಅದಕ್ಕೆ ಹಳದಿ ಕಾರ್ಡ್ ಉಂಟು. ಮಾತು ಬೈಗುಳಕ್ಕೆ ಇಳಿದರೆ ಕೆಂಪು. ಮೇಲ್ಮಟ್ಟದ ಪಂದ್ಯಗಳಲ್ಲಿ ಈಚೆಗೆ ನಾಯಕನೊಬ್ಬನೇ ರೆಫ್ರಿಯ ಬಳಿ ಹೋಗಿ ಮಾತಾಡಬೇಕೆಂಬ ಪದ್ಧತಿ ಬಂದಿದೆ. 2024ರ ಯೂರೋ ಕಪ್‌ನಲ್ಲಿ ಅದನ್ನು ಎಲ್ಲರೂ ನೋಡಿದರು. ಮಕ್ಕಳ ಕೂಟಗಳಿಗೂ ಆದಷ್ಟು ಬೇಗ ಬರಲಿ ಎಂದು ನನ್ನಾಸೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ಲೆಕ್ಕ: ವಿಷಲ್ ಬರಲಿಲ್ಲ ಎಂದರೆ ರೆಫ್ರಿ ನೋಡಲಿಲ್ಲ. ನೋಡಿರುತ್ತಾನೆ. ಫೌಲ್ ತಿಂದ ತಂಡದ ಬಳಿಯೇ ಚೆಂಡಿದ್ದು ಮುಂದೆ ಗೋಲಿನ ದಾರಿ ತೆರೆದಿದ್ದರೆ, ಆಟ ನಿಲ್ಲಿಸಿದರೆ ಲಾಭವಾಗುವುದು ತಪ್ಪು ಮಾಡಿದವನಿಗೆ. ಹಾಗಾಗಿ ಎರಡೂ ಕೈ ಮುಂದೆ ಚಾಚಿ ‘ಆಡಿ’ ಎನ್ನುತ್ತಾನೆ. ಕೆಲವೇ ಕ್ಷಣಗಳಲ್ಲಿ ಆ ಅನುಕೂಲ ಕೈಗೂಡದಿದ್ದರೆ ಹಿಂದಕ್ಕೆ ಬಂದು ಫ್ರೀ ಕಿಕ್ ಕೊಡಬಹುದು. ಕಾರ್ಡ್ ಕೊಡಬೇಕಿದ್ದರೆ ಮುಂದೆ ಆಟ ನಿಂತಾಗ ಕೊಡುತ್ತಾನೆ. ಆಗ ತಾತ ‘ಈಗ್ಯಾಕಪ್ಪಾ ಕಾರ್ಡು?’ ಎಂದು ಬೆರಗಾಗುತ್ತಾರೆ.

‘ಮೊದಲು ಬಾಯಿಮಾತು, ಆಮೇಲೆ ಹಳದಿ, ಆಮೇಲೆ ಕೆಂಪು’

ಇಂಥ ಏಣಿ ಯಾವ ನಿಯಮದಲ್ಲೂ ಇಲ್ಲ. ಮೊದಲ ನಿಮಿಷದ ಮೊದಲ ಟ್ಯಾಕಲಿಗೇ ನೇರ ಕೆಂಪು ಬರಬಹುದು. ಪಂದ್ಯ ಶುರುವಾಗುವ ಮೊದಲೂ ಬರಬಹುದು. ಮೈದಾನದ ತಪಾಸಣೆಗೆಂದು ರೆಫ್ರಿ ಒಳಗೆ ಕಾಲಿಟ್ಟ ಗಳಿಗೆಯಿಂದ ಪಂದ್ಯ ಮುಗಿಸಿ ಹೊರಗೆ ಹೋಗುವವರೆಗೂ ಅವನ ಅಧಿಕಾರ ನಡೆಯುತ್ತದೆ. 2019ರಿಂದ ಕೋಚ್‌ಗಳಿಗೂ ಕಾರ್ಡ್ ತೋರಿಸಬಹುದು.

ಕಾರ್ಡ್ ಬಂದಮೇಲೇ ಆಟಗಾರರನ್ನು ಹೊರಗೆ ಹಾಕುವುದು ಶುರುವಾಯಿತು ಅನ್ನುವುದೂ ತಪ್ಪು. 1930ರ ಮೊದಲ ವಿಶ್ವಕಪ್ಪಿನಲ್ಲೇ ಪೆರುವಿನ ಆಟಗಾರನೊಬ್ಬ ಹೊರಗೆ ಹೋಗಿದ್ದ. ಕಾರ್ಡಿನ ಹುಟ್ಟಿಗೆ ಕಾರಣ ಗೊಂದಲ. 1966ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನ್ ರೆಫ್ರಿ ಅರ್ಜೆಂಟೀನಾದ ನಾಯಕ ರಟ್ಟಿನ್‌ನನ್ನು ಹೊರಗೆ ಕಳಿಸಿದ. ಇವನ ಭಾಷೆ ಅವನಿಗೆ ತಿಳಿಯದು, ಅವನದು ಇವನಿಗೆ ತಿಳಿಯದು. ಆತ ಮೈದಾನ ಬಿಡಲು ಒಪ್ಪದೆ ನಿಮಿಷಗಟ್ಟಲೆ ನಿಂತ. ರೆಫ್ರಿಗಳ ಉಸ್ತುವಾರಿ ನೋಡುತ್ತಿದ್ದ ಕೆನ್ ಆಸ್ಟನ್, ಲಂಡನ್ನಿನ ಟ್ರಾಫಿಕ್ ಸಿಗ್ನಲ್ ಮುಂದೆ ಕಾರು ನಿಲ್ಲಿಸಿಕೊಂಡಿದ್ದಾಗ ಹಳದಿ ಕೆಂಪು ಬಣ್ಣದ ಯೋಚನೆ ಹೊಳೆಯಿತು ಎಂದು ಹೇಳಿಕೊಂಡಿದ್ದಾರೆ. 1970ರ ಮೆಕ್ಸಿಕೊ ವಿಶ್ವಕಪ್‌ಗೆ ಕಾರ್ಡ್ ಬಂತು, ಆ ಕೂಟದಲ್ಲಿ ಒಂದೇ ಒಂದು ಕೆಂಪೂ ಹೊರಬರಲಿಲ್ಲ. ಅಂದಹಾಗೆ, ‘ನಮ್ಮ ಕ್ರಿಕೆಟ್ಟಿನಲ್ಲಿ ಇಂಥದ್ದೆಲ್ಲ ಇಲ್ಲ’ ಎನ್ನುವವರಿಗೆ ಒಂದು ಸುದ್ದಿ: 2017ರ ನಿಯಮಾವಳಿಯಿಂದ ಅಂಪೈರಿಗೆ ಬೆದರಿಕೆ, ಹೊಡೆದಾಟದಂಥ ವರ್ತನೆಗೆ ಅಲ್ಲೂ ಆಟಗಾರನನ್ನು ಮೈದಾನದಿಂದ ಹೊರಗೆ ಕಳಿಸಬಹುದು.

‘ವಿಷಲ್ ಊದದೆ ಫ್ರೀ ಕಿಕ್ ಹೊಡೆಯುವಂತಿಲ್ಲ’

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2023ರ ಮಾರ್ಚ್ 3ರ ರಾತ್ರಿ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ ಮೊದಲ ಭಾಗದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದರು, ಸುನಿಲ್ ಛೆಟ್ರಿ ಚೆಂಡನ್ನು ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ಆಟಗಾರರನ್ನೆಲ್ಲ ಹೊರಗೆ ಕರೆದುಕೊಂಡು ಹೋದರು.

ನಿಯಮ ಏನು ಹೇಳುತ್ತದೆ? ಫ್ರೀ ಕಿಕ್ ಪಡೆದ ತಂಡ ಬೇಗನೆ ಹೊಡೆಯಬಹುದು, ವಿಷಲ್ ಬೇಕಿಲ್ಲ. ಎದುರಾಳಿಗಳನ್ನು ಹತ್ತು ಗಜ ಹಿಂದೆ ಸರಿಸಿ ಎಂದು ಕೇಳಿಕೊಂಡರೆ, ಕಾರ್ಡ್ ತೋರಿಸಲು, ಗಾಯಾಳುವನ್ನು ನೋಡಲು, ಬದಲಿ ಆಟಗಾರನನ್ನು ಕರೆಯಲು ಆಟ ನಿಂತಿದ್ದರೆ ಮಾತ್ರ ರೆಫ್ರಿ ‘ವಿಷಲ್ ಆದಮೇಲೆ’ ಎನ್ನುತ್ತಾನೆ, ಆಗ ಕಾಯಲೇಬೇಕು. ಫ್ರೀ ಕಿಕ್ ಇರುವುದೇ ತಪ್ಪಿಗೆ ಗುರಿಯಾದವರ ಅನುಕೂಲಕ್ಕೆ. ತಪ್ಪು ಮಾಡಿದವರಿಗೆ ಗೋಡೆ ಕಟ್ಟಲು ಬಿಡುವು ಕೊಡಬೇಕೆಂಬ ಹಕ್ಕೇನೂ ಇಲ್ಲ. ಆ ಗೋಲಿನ ಬಗ್ಗೆ, ಅಲ್ಲಿ ಚೆಂಡಿನ ಬಳಿ ಯಾರು ಯಾರಿಗೆ ಏನು ಹೇಳಿದರು ಎಂಬ ಬಗ್ಗೆ ವಾದ ಇಂದಿಗೂ ಇದೆ, ಇರಲಿ. ಮೈದಾನ ಬಿಟ್ಟು ಹೋದದ್ದರ ಬಗ್ಗೆ ವಾದವಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಬಹಿರಂಗ ಕ್ಷಮೆ ಕೇಳಲು ಹೇಳಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ.

ಇಷ್ಟು ವಿವರ ಯಾಕೆಂದರೆ, ‘ಅನ್ಯಾಯವಾದರೆ ಟೀಮ್ ಎತ್ತಿಕೊಂಡು ಬಂದುಬಿಡಬೇಕು’ ಅನ್ನುವ ಮಾತು ಹದಿನಾಲ್ಕರೊಳಗಿನ ಮಕ್ಕಳ ಪಂದ್ಯಗಳಲ್ಲೂ ಕೇಳಿಬರುತ್ತದೆ. ಆಟದ ವಿಷಯದಲ್ಲಿ ರೆಫ್ರಿಯ ತೀರ್ಪೇ ಕೊನೆ. ಯಾವ ತಂಡದಲ್ಲಾದರೂ ಏಳಕ್ಕಿಂತ ಕಡಿಮೆ ಮಂದಿ ಉಳಿದರೆ ಹನ್ನೊಂದು ಮಂದಿಯ ಪಂದ್ಯ ಮುಂದುವರಿಯುವಂತಿಲ್ಲ. ದೂರು ಇದ್ದರೆ ಪಂದ್ಯ ಮುಗಿಸಿ ಸಂಘಟಕರಿಗೆ ಬರೆದು ಕೊಡುವುದೊಂದೇ ದಾರಿ.

‘ನಮ್ಮ ಕಾಲದಲ್ಲಿ ಬರಿಗಾಲಲ್ಲೇ ಆಡುತ್ತಿದ್ದೆವು’

ಆಡುತ್ತಿದ್ದರು, ಸುಳ್ಳಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿದ ಭಾರತ ತಂಡದಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈಚೆಲ್ಲಿ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಬಗ್ಗುಬಡಿದಾಗ ಆ ಒಂದು ಗೋಲೂ ಬೆಂಗಳೂರಿನ ಅಹ್ಮದ್ ಖಾನ್ ಅವರದು. ಬರಿಗಾಲಿನ ಕಾಲ ಅಲ್ಲಿಗೆ ಮುಗಿಯಿತು, ಬೂಟು ಕಡ್ಡಾಯವಾಯಿತು. (ಬರಿಗಾಲು ಎಂಬ ಕಾರಣಕ್ಕೇ 1950ರ ವಿಶ್ವಕಪ್ಪಿಗೆ ಭಾರತವನ್ನು ಸೇರಿಸಲಿಲ್ಲ ಅನ್ನುವುದು ಮತ್ತೊಂದು ಕಟ್ಟುಕಥೆ. ಹಿಂದೆ ಸರಿದದ್ದು ನಮ್ಮ ಫೆಡರೇಷನ್ನೇ. ತಂಡದ ಆಯ್ಕೆಯ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲ ಎಂದು ಕಾರಣ ಕೊಟ್ಟಿತು.)

ಬರಿಗಾಲಿನ ಹೆಮ್ಮೆಯ ಹಿಂದೆ ‘ಒರಟಾಟವೇ ಗಂಡಸುತನ’ ಅನ್ನುವ ಭಾವನೆ ಅಡಗಿರುತ್ತದೆ. ಆ ಜಗಳ 1863ರಲ್ಲೇ ತೀರ್ಮಾನವಾಗಿದೆ. ಅಂದು ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದಾಗ, ಮುಂಗಾಲಿಗೆ ಒದೆಯುವುದನ್ನು ಕೈಬಿಡಬಾರದೆಂದು ಹಟ ಹಿಡಿದ ಬ್ಲ್ಯಾಕ್‌ಹೀತ್ ಕ್ಲಬ್ ಹೊರಗೆ ನಡೆದು ರಗ್ಬಿಯ ದಾರಿ ಹಿಡಿಯಿತು. ಉಳಿದವರು ಆಡಿದ್ದು ಈಗಿನ ಆಟ.

ಈಗ ಶಿನ್‌ಗಾರ್ಡ್ ಇಲ್ಲದೆ ಆಡುವಂತಿಲ್ಲ. ತಪಾಸಣೆಯಲ್ಲಿ ನಮ್ಮ ಮಕ್ಕಳು ಸಿಕ್ಕಿಬೀಳುವುದು ಇನ್ನೊಂದರಲ್ಲಿ: ಒಡವೆ. ಕಿವಿಯ ಓಲೆ, ಕೊರಳ ಸರ, ಬೆಳ್ಳಿ ಕಡಗ, ಉಂಗುರ, ರಬ್ಬರ್ ಬ್ಯಾಂಡ್ ಎಲ್ಲವನ್ನೂ ಬಿಚ್ಚಬೇಕು. ‘ಟೇಪ್ ಸುತ್ತಿದ್ದೇವಲ್ಲ’ ಎಂದರೆ ನಡೆಯುವುದಿಲ್ಲ, ಟೇಪ್ ಸುತ್ತುವುದನ್ನೇ ನಿಯಮ ಹೆಸರಿಟ್ಟು ನಿಷೇಧಿಸಿದೆ. ಹರಕೆಯ ಕಡಗ, ಬಿಚ್ಚಲು ಬರದ ಓಲೆ ಎಂದು ಕಿಕ್‌ಆಫ್ ಹೊತ್ತಿನಲ್ಲಿ ಪರದಾಡುವ ಬದಲು ಮನೆಯಲ್ಲೇ ತೆಗೆದಿಡುವುದು ಲೇಸು. ಎದುರಾಳಿಯ ಬೆರಳು ಓಲೆಗೆ ಸಿಕ್ಕರೆ ಹರಿಯುವುದು ಕಿವಿ.

‘ತಲೆಗೆ ಪೆಟ್ಟು ಬಿದ್ದರೆ ನೀರು ಚಿಮುಕಿಸಿ ಎಬ್ಬಿಸಿ’

ಇದೊಂದು ನಂಬಿಕೆಯನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಇಬ್ಬರು ಹೆಡರ್‌ಗೆ ಹಾರಿ ತಲೆಗೆ ತಲೆ ಬಡಿದುಕೊಳ್ಳುತ್ತಾರೆ. ಒಬ್ಬ ಕೂತಲ್ಲೇ ಕಣ್ಣು ಮಿಟುಕಿಸುತ್ತಿದ್ದಾನೆ, ಸ್ಕೋರ್ ಎಷ್ಟು ಎಂದು ಕೇಳಿದರೆ ತಡವರಿಸುತ್ತಾನೆ. ನೀರು ಚಿಮುಕಿಸಿ, ಬೆನ್ನು ತಟ್ಟಿ, ‘ಏನಾಗಲ್ಲ, ಆಡು’ ಎಂದು ಮತ್ತೆ ಬಿಡುತ್ತಾರೆ. ಮೂರ್ಛೆ ಹೋದರೆ ಮಾತ್ರ ಮೆದುಳಿಗೆ ಪೆಟ್ಟು ಎಂದು ತಿಳಿದಿರುವುದೇ ಇದಕ್ಕೆ ಕಾರಣ. ಮೆದುಳಿಗೆ ಆದ ಆಘಾತದಲ್ಲಿ ಹೆಚ್ಚಿನವರು ಪ್ರಜ್ಞೆ ತಪ್ಪುವುದಿಲ್ಲ. ತಲೆನೋವು, ಮಂಕು, ವಾಂತಿ, ತೂರಾಟ, ಮರೆವು ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. ಅನುಮಾನವಿದ್ದರೂ ಮುಗಿಯಿತು. ವೈದ್ಯರು ಒಪ್ಪದೆ ಮತ್ತೆ ಮೈದಾನಕ್ಕೆ ಇಳಿಸಬಾರದು. ಮೊದಲ ಪೆಟ್ಟು ಮಾಯುವ ಮೊದಲು ಬೀಳುವ ಎರಡನೆಯದು ಮಕ್ಕಳಿಗೆ ಪ್ರಾಣಾಂತಿಕವಾಗಬಲ್ಲದು.

ಹೆಡರ್ ಇಲ್ಲದೆ ಫುಟ್‌ಬಾಲೇ ಇಲ್ಲ ಅನ್ನುವುದೂ ಮಕ್ಕಳ ಮಟ್ಟಿಗೆ ಹಳೆಯ ಮಾತಾಯಿತು. ಅಮೆರಿಕದಲ್ಲಿ 2015ರ ಕೊನೆಯಲ್ಲೇ ಹತ್ತು ಮತ್ತು ಅದಕ್ಕಿಂತ ಚಿಕ್ಕ ವಯಸ್ಸಿನ ಮಕ್ಕಳಿಗೆ ಹೆಡರ್ ಬೇಡ ಎಂದರು. ಇಂಗ್ಲೆಂಡಿನಲ್ಲಿ 2024ರಿಂದ ಏಳರಿಂದ ಹನ್ನೊಂದರೊಳಗಿನ ಗುಂಪುಗಳಲ್ಲಿ ಹಂತಹಂತವಾಗಿ ತೆಗೆಯುತ್ತಿದ್ದಾರೆ. ಬೇಕೆಂದು ತಲೆ ಕೊಟ್ಟರೆ ಎದುರಾಳಿಗೆ ಫ್ರೀ ಕಿಕ್. ಗಾಯವೆಲ್ಲ ಒರಟಾಟದಿಂದಲೇ ಆಗುತ್ತದೆ ಎಂದುಕೊಳ್ಳುವವರಿಗೂ ಒಂದು ಮಾತು. ಯೂರೋಪಿನ ನಾಲ್ಕು ದೇಶಗಳಲ್ಲಿ 7ರಿಂದ 13ರ ಮಕ್ಕಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘11+ ಕಿಡ್ಸ್’ ಎಂಬ ಹದಿನೈದು ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ನಮ್ಮಲ್ಲಿ ಆ ಹೊತ್ತು ಸಾಮಾನ್ಯವಾಗಿ ಗ್ರೂಪ್ ಫೋಟೋಗೆ ಹೋಗುತ್ತದೆ.

‘ಪಾಪ ಮಕ್ಕಳು, ಕಾರ್ಡ್ ಯಾಕೆ?’

ಕರುಣೆಯ ಮಾತೇ. ಆದರೆ ಒದೆ ತಿಂದವನೂ ಮಗುವೇ. ಮೊದಲ ಹತ್ತು ನಿಮಿಷದಲ್ಲಿ ಕಣಕಾಲಿಗೆ ಬಿದ್ದ ಒದೆಯನ್ನು ರೆಫ್ರಿ ನಕ್ಕು ಬಿಟ್ಟರೆ ಇಪ್ಪತ್ತನೆಯ ನಿಮಿಷಕ್ಕೆ ಅದರ ಸೇಡು ಬರುತ್ತದೆ, ಇನ್ನೂ ಎತ್ತರಕ್ಕೆ.

ಕಾರ್ಡೋ ಕ್ಷಮೆಯೋ ಎಂಬ ಎರಡೇ ದಾರಿ ಎಂದು ತಿಳಿಯಬೇಕಿಲ್ಲ. ಮಕ್ಕಳ ಮತ್ತು ಹವ್ಯಾಸಿ ಫುಟ್‌ಬಾಲಿಗೆ ಮೈದಾನದ ಅಳತೆ, ಆಟದ ಅವಧಿ, ಚೆಂಡಿನ ಗಾತ್ರ ಬದಲಿಸಿಕೊಳ್ಳಲು, ಬದಲಿ ಆಟಗಾರನಿಗಾಗಿ ಹೊರಗೆ ಹೋದವನನ್ನು ಮತ್ತೆ ಒಳಗೆ ಕರೆಯಲು ನಿಯಮಪುಸ್ತಕವೇ ಅನುಮತಿ ಕೊಟ್ಟಿದೆ. 2017ರಿಂದ ‘ಸಿನ್ ಬಿನ್’ ಕೂಡ ಇದೆ. ಹಳದಿ ಪಡೆದವನನ್ನು ಪೂರ್ತಿ ಹೊರಗೆ ಹಾಕದೆ, ಆಟದ ಅವಧಿಯ ಹತ್ತರಿಂದ ಹದಿನೈದು ಶೇಕಡದಷ್ಟು ಹೊತ್ತು ಕೂರಿಸಿ ಮತ್ತೆ ಬಿಡುವ ಏರ್ಪಾಡು. ಐವತ್ತು ನಿಮಿಷದ ಪಂದ್ಯದಲ್ಲಿ ಐದಾರು ನಿಮಿಷ. ಸಿಟ್ಟು ಇಳಿಯಲು ಹದಿಮೂರರ ಹುಡುಗನಿಗೆ ಅಷ್ಟು ಸಾಕು. ಆದರೆ ಕೂಟದ ಕಟ್ಟಳೆಯಲ್ಲಿ ಮೊದಲೇ ಬರೆದಿರಬೇಕು, ರೆಫ್ರಿ ಅಲ್ಲೇ ನಿಂತು ತಾನಾಗಿ ಹೂಡುವಂತಿಲ್ಲ. ನಮ್ಮ ಬಡಾವಣೆಗಳ ಕೂಟ ನಡೆಸುವವರು ಮುಂದಿನ ಸಲ ನಿಯಮದ ಹಾಳೆ ಅಚ್ಚು ಹಾಕಿಸುವಾಗ ಈ ಒಂದು ಸಾಲು ಸೇರಿಸಿದರೆ ಸಾಕು.

‘ಪ್ರೇಕ್ಷಕರಿಗೆ ಕಾರ್ಡ್ ಇಲ್ಲವಲ್ಲ’

ಇಲ್ಲ. ಅದಕ್ಕೇ ಧೈರ್ಯ ಜಾಸ್ತಿ. ಮಕ್ಕಳ ಪಂದ್ಯದ ರೆಫ್ರಿ ಹಲವು ಸಲ ಕಾಲೇಜು ಓದುವ ಹುಡುಗನೋ ಹುಡುಗಿಯೋ ಆಗಿರುತ್ತಾರೆ, ಎದುರಿಗೆ ಕೂಗುವವರು ಅವರಪ್ಪನ ವಯಸ್ಸಿನವರು. ಈ ಹಾವಳಿ ಬಸವನಗುಡಿಯದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 2023ರಲ್ಲಿ ಹವ್ಯಾಸಿ ಪಂದ್ಯಗಳ ರೆಫ್ರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಪ್ರಯೋಗ ಮಾಡುವಷ್ಟು ಅದು ಬೆಳೆದಿತ್ತು.

ಕಾರ್ಡ್ ಇಲ್ಲ ಎಂದಮಾತ್ರಕ್ಕೆ ರೆಫ್ರಿಯ ಕೈ ಕಟ್ಟಿಲ್ಲ. ಹೊರಗಿನವರ ಅಡ್ಡಿಯಿಂದ ಪಂದ್ಯವನ್ನು ನಿಲ್ಲಿಸಲು, ತಡೆಹಿಡಿಯಲು, ಪೂರ್ತಿ ಕೈಬಿಡಲು ಐದನೆಯ ನಿಯಮ ಅಧಿಕಾರ ಕೊಟ್ಟಿದೆ. ಸಾಮಾನ್ಯವಾಗಿ ಮೊದಲು ಆ ತಂಡದ ಕೋಚ್‌ನನ್ನು ಕರೆದು, ಕೂಗುತ್ತಿರುವವರನ್ನು ದೂರ ಕಳಿಸಿ ಎನ್ನುತ್ತಾರೆ. ಕಳಿಸುವವರೆಗೆ ಆಟ ಶುರುವಾಗುವುದಿಲ್ಲ. ಆಗಲೂ ಒಪ್ಪದಿದ್ದರೆ ರೆಫ್ರಿ ಪಂದ್ಯ ಕೈಬಿಟ್ಟು ವರದಿ ಬರೆಯುತ್ತಾರೆ, ಅಂಕ ಯಾರಿಗೆ ಎಂದು ಸಂಘಟಕರು ತೀರ್ಮಾನಿಸುತ್ತಾರೆ. ವರದಿಯಲ್ಲಿ ಕೂಗಿದವರ ಹೆಸರು ಇರಬೇಕೆಂದೇನಿಲ್ಲ, ಅವರ ಮಗ ಆಡಿದ ತಂಡದ ಹೆಸರು ಇದ್ದೇ ಇರುತ್ತದೆ.